ಹೆಸರಿಲ್ಲದ ಹಳೇ ಬ್ಯಾಂಡ್ ಸಾಗೆ ಬಿಡಿಭಾಗ: ಕಂಪನಿ ಬಿಡಿ, ಅಳತೆ ಹಿಡಿಯಿರಿ

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಮುಚ್ಚಿಹೋದ ಸಾಮಿಲ್ಲೊಂದರಿಂದ 18 ಇಂಚು ವೀಲಿನ ಹಳೇ ಬ್ಯಾಂಡ್ ಸಾ (ಎರಡು ವೀಲುಗಳ ಮೇಲೆ ಪಟ್ಟಿಯಂಥ ಬ್ಲೇಡ್ ಓಡುವ ಗರಗಸದ ಯಂತ್ರ) ತಂದಿದ್ದೇನೆ. ಮೈಯೆಲ್ಲ ಬೀಡು (ಎರಕದ ಕಬ್ಬಿಣ). 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಚೆನ್ನಾಗಿದೆ. ನೇಮ್‌ಪ್ಲೇಟ್ ಇಲ್ಲ. ಮೇಲಿನ ವೀಲಿನ ರಬ್ಬರ್ ಪುಡಿಪುಡಿಯಾಗಿ ಉದುರುತ್ತಿದೆ, ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುತ್ತದೆ, ಬ್ಲೇಡ್ ಪದೇ ಪದೇ ಜಾರಿ ಬೀಳುತ್ತದೆ. ಬ್ಲೇಡ್ ಆಚೀಚೆ ಅಲುಗದಂತೆ ಹಿಡಿಯುವ ಗೈಡ್ ಒಂದು ಕಡೆ ಇಲ್ಲವೇ ಇಲ್ಲ. ಟೇಬಲ್ ಕೆಳಗಿನ ಬ್ರಾಕೆಟ್ ಸೀಳಿದೆ. ಟೆನ್ಷನ್ ಸ್ಪ್ರಿಂಗ್ ಕುಗ್ಗಿ ಕೂತಿದೆ. ಬೆಂಗಳೂರಿನ ಎರಡು ಅಂಗಡಿಗಳಲ್ಲಿ ವಿಚಾರಿಸಿದೆ. "ಯಾವ ಕಂಪನಿ?" ಅಂದರು. ಗೊತ್ತಿಲ್ಲ ಅಂದದ್ದಕ್ಕೆ "ಗುಜರಿಗೆ ಹಾಕಿ" ಅಂದರು. ಇದಕ್ಕೆ ಸ್ಪೇರ್ ಎಲ್ಲಿ ಸಿಗುತ್ತದೆ?

ಉತ್ತರ: ಗುಜರಿಗೆ ಹಾಕಬೇಡಿ. ಬ್ಯಾಂಡ್ ಸಾದಲ್ಲಿ ಆ ಯಂತ್ರಕ್ಕೇ ಅಂತ ಇರುವ ಭಾಗಗಳು ಮೂರೇ: ಫ್ರೇಮ್, ಮೇಲಿನ ವೀಲು, ಕೆಳಗಿನ ವೀಲು. ಮಿಕ್ಕಿದ್ದೆಲ್ಲ ಒಂದೋ ಅಂಗಡಿಯಲ್ಲಿ ಅಳತೆ ಹೇಳಿ ಕೊಳ್ಳುವಂಥದ್ದು, ಇಲ್ಲವೇ ಲೇತಿನವರ ಹತ್ತಿರ ಮಾಡಿಸುವಂಥದ್ದು. ಅಂಗಡಿಯವರು ಕಂಪನಿ ಹೆಸರು ಕೇಳಿದ್ದು ತಪ್ಪಲ್ಲ, ಅವರ ಪುಸ್ತಕ ಹಾಗೆ ಇರುತ್ತದೆ. ಆದರೆ ನೀವು "18 ಇಂಚು ಬ್ಯಾಂಡ್ ಸಾ ಬೇರಿಂಗ್ ಕೊಡಿ" ಅನ್ನುವ ಬದಲು "6205, ಎರಡೂ ಕಡೆ ರಬ್ಬರ್ ಸೀಲ್" ಅಂದರೆ ಯಾವ ಊರಿನ ಬೇರಿಂಗ್ ಅಂಗಡಿಯಲ್ಲೂ ಎರಡು ನಿಮಿಷದಲ್ಲಿ ಕೈಗೆ ಬರುತ್ತದೆ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಆ ಮೂರು ಭಾಗಗಳನ್ನು ಪರೀಕ್ಷಿಸಿ. ವೀಲ್ ಬಿಚ್ಚಿ (ನಟ್ ತಿರುಗಿಸುವ ದಿಕ್ಕಿನ ಬಗ್ಗೆ ಕೆಳಗೆ ಬರೆದದ್ದನ್ನು ಮೊದಲು ಓದಿ), ಹಳೇ ರಬ್ಬರನ್ನು ಪೂರ್ತಿ ಕಿತ್ತು, ನಡುವಿನ ತೂತಿಗೆ ಹಗ್ಗ ಹಾಕಿ ತೂಗುಬಿಡಿ. ಸುತ್ತಿಗೆಯ ಮರದ ಹಿಡಿಯಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಗಟ್ಟಿ ವೀಲ್ ಗಂಟೆಯಂತೆ ಎಳೆದು ನಾದ ಕೊಡುತ್ತದೆ, ಬಿರುಕು ಇದ್ದರೆ ಒಡೆದ ಮಡಕೆ ತಟ್ಟಿದ ಹಾಗೆ ಮೊಂಡಾಗಿ ಕೇಳುತ್ತದೆ. ರಬ್ಬರ್ ಅಂಟಿಕೊಂಡಿದ್ದರೆ ಒಳ್ಳೇ ವೀಲೂ ಮೊಂಡಾಗಿಯೇ ಕೇಳುತ್ತದೆ, ಅದಕ್ಕೇ ಮೊದಲು ಕೀಳಬೇಕು. ಅನುಮಾನ ಬಂದರೆ ಕಡ್ಡಿಗಳು ಹಬ್‌ಗೆ (ವೀಲಿನ ನಡುಭಾಗ) ಸೇರುವ ಬುಡಕ್ಕೆ ಡೀಸೆಲ್ ಸವರಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಪೂರ್ತಿ ಒರಸಿ, ಮೇಲೆ ಚಾಕ್‌ಪುಡಿ ಉದುರಿಸಿ. ಬಿರುಕಿನೊಳಗೆ ಹೋದ ಡೀಸೆಲ್ ಮೆಲ್ಲಗೆ ಹೊರಗೆ ಜಿನುಗಿ, ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಕೀವೇ (ಶಾಫ್ಟಿಗೆ ಕಚ್ಚಿಸುವ ಕೀ ಕೂರುವ ಕಾಲುವೆ) ಮೂಲೆಗಳನ್ನೂ ಹೀಗೇ ನೋಡಿ.

ವೀಲಿನಲ್ಲಿ ಬಿರುಕು ಸಿಕ್ಕರೆ ಆ ವೀಲಿನ ಆಸೆ ಬಿಡಿ. ಬೆಸುಗೆ ಹಾಕಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಓಡುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲಿರುತ್ತದೆ. ಬೀಡು ಬಗ್ಗುವುದಿಲ್ಲ, ಒಮ್ಮೆಲೇ ಸಿಡಿಯುತ್ತದೆ, ಹಳೇ ಯಂತ್ರದ ತಗಡಿನ ಬಾಗಿಲು ಅದನ್ನು ತಡೆಯುವುದಿಲ್ಲ. ಅಂಥ ಸಂದರ್ಭದಲ್ಲಿ ಮಾತ್ರ ಗುಜರಿಯಲ್ಲಿ ಅದೇ ಅಳತೆಯ ಇನ್ನೊಂದು ಯಂತ್ರ ಹುಡುಕಿ ವೀಲ್ ಬಿಚ್ಚಿಕೊಳ್ಳಬೇಕಾಗುತ್ತದೆ.

ವೀಲ್ ಗಟ್ಟಿಯಾಗಿದೆ ಅಂದುಕೊಂಡು ಮುಂದುವರಿಯುತ್ತೇನೆ. ನೇಮ್‌ಪ್ಲೇಟ್ ಇಲ್ಲದಿದ್ದರೂ ಬಣ್ಣದ ಕೆಳಗೆ ಹುಡುಕಿ. ಫ್ರೇಮಿನ ಬೆನ್ನು, ಟೇಬಲಿನ ಅಡಿ, ವೀಲಿನ ಹಿಂಭಾಗದಲ್ಲಿ ಎರಕದ ಉಬ್ಬು ಅಕ್ಷರಗಳಿರುತ್ತವೆ. ಅಲ್ಲಿ ಬರೀ ಅಂಕಿ ಇದ್ದರೆ ಅದು ಆ ಎರಕದ ಅಚ್ಚಿನ ನಂಬರು, ಮಾಡೆಲ್ ನಂಬರಲ್ಲ. ಇಂಗ್ಲೆಂಡಿನ ಲೆಸ್ಟರಿನ ವಾಡ್ಕಿನ್ ತರಹದ ಹೆಸರೇನಾದರೂ ಕಂಡರೆ ನಿಮ್ಮ ಅದೃಷ್ಟ, ಆ ಯಂತ್ರಗಳ ಕೈಪಿಡಿಗಳು, ನಕ್ಷೆಗಳು ಇಂದಿಗೂ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಏನೂ ಕಾಣದಿದ್ದರೆ ಇಂಗ್ಲಿಷ್ ಯಂತ್ರವೊಂದನ್ನು ನೋಡಿ ನಮ್ಮ ದೇಶದ ಸಣ್ಣ ಕಾರ್ಖಾನೆಯವರು ಎರಕ ಹೊಯ್ದದ್ದಿರಬಹುದು. ಅದರಿಂದ ನಷ್ಟವಿಲ್ಲ. ಅಂಥವರು ಬೇರಿಂಗ್, ಬೆಲ್ಟ್, ಬೋಲ್ಟ್ ಎಲ್ಲ ಬಜಾರಿನಲ್ಲಿ ಸಿಗುವುದನ್ನೇ ಹಾಕುತ್ತಿದ್ದರು.

ಸ್ಪ್ಯಾನರ್ ಹಾಕುವ ಮುಂಚೆ ಮರೆಯ (ನಟ್, ಬೋಲ್ಟಿನ ಸುರುಳಿ ಗೆರೆ, ಅಂದರೆ ಥ್ರೆಡ್) ಮಾತೊಂದು. ವೀಲ್ ನಟ್‌ಗಳಲ್ಲಿ ಒಂದು ಎಡಮರೆ, ಅಂದರೆ ಉಲ್ಟಾ ತಿರುಗಿಸಿ ಬಿಚ್ಚುವಂಥದ್ದು, ಇರುವ ಸಾಧ್ಯತೆ ಹೆಚ್ಚು. ಶಾಫ್ಟಿನ ತುದಿಯಲ್ಲಿ ಹೊರಗೆ ಕಾಣುವ ಮರೆಯನ್ನು ಒರೆಸಿ ನೋಡಿ. ಶಾಫ್ಟನ್ನು ನೆಟ್ಟಗೆ ನಿಲ್ಲಿಸಿದಂತೆ ಕಲ್ಪಿಸಿಕೊಂಡಾಗ ಗೆರೆಗಳು ಬಲಕ್ಕೆ ಏರುತ್ತಿದ್ದರೆ ಮಾಮೂಲಿ ಬಲಮರೆ, ಎಡಕ್ಕೆ ಏರುತ್ತಿದ್ದರೆ ಎಡಮರೆ. ನೋಡದೆ ಪೈಪ್ ಸಿಕ್ಕಿಸಿ ತಿರುಗಿಸಿದರೆ ಬಿಚ್ಚುವ ಬದಲು ಇನ್ನಷ್ಟು ಬಿಗಿದು ಶಾಫ್ಟ್ ಮರೆಯೇ ಹೋಗುತ್ತದೆ. ಹಳೇ ಯಂತ್ರಗಳಲ್ಲಿ ಬೋಲ್ಟ್‌ಗಳು ಎಂಎಂ ಅಲ್ಲ, ಇಂಚಿನ ವಿಟ್‌ವರ್ತ್ ಮರೆ. ಇಂಚಿಗೆ ಎಷ್ಟು ಸುತ್ತು ಅಂತ ಮರೆ ಗೇಜಿನಲ್ಲಿ ಎಣಿಸಿ: ಕಾಲಿಂಚಿಗೆ 20, 5/16ಕ್ಕೆ 18, 3/8ಕ್ಕೆ 16, ಅರ್ಧ ಇಂಚಿಗೆ 12, 5/8ಕ್ಕೆ 11. 5/16 ಇಂಚು ಅಂದರೆ 7.94 ಎಂಎಂ, ಹಾಗಾಗಿ 8 ಎಂಎಂ ನಟ್ ಅದರ ಮೇಲೆ ಒಂದೆರಡು ಸುತ್ತು ಹತ್ತಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೇ ನಿಲ್ಲಿಸಿ. ಜೋರು ಮಾಡಿ ಕೂರಿಸಿದವರಿಂದಲೇ ಬೀಡಿನ ಮರೆಗಳು ಅರ್ಧಕ್ಕರ್ಧ ಹಾಳಾಗಿರುವುದು. ವಿಟ್‌ವರ್ತ್ ಬೋಲ್ಟ್ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ.

ಇನ್ನು ಬೇರಿಂಗ್. ಮೇಲಿನ ವೀಲಿನಲ್ಲಿ ಸಾಮಾನ್ಯವಾಗಿ ಶಾಫ್ಟ್ ನಿಂತಿರುತ್ತದೆ, ಹಬ್‌ನೊಳಗೆ ಎರಡು ಬೇರಿಂಗ್ ಕೂತು ವೀಲ್ ತಿರುಗುತ್ತದೆ. ಕೆಳಗಿನದು ಶಾಫ್ಟಿಗೇ ಕೀ ಹಾಕಿ ಕಚ್ಚಿಸಿದ್ದು, ಶಾಫ್ಟ್ ಸಮೇತ ತಿರುಗುತ್ತದೆ. ಬೇರಿಂಗಿನ ಮುಖವನ್ನು ಸೀಮೆಎಣ್ಣೆಯಿಂದ ಒರೆಸಿದರೆ ನಂಬರ್ ಕಾಣುತ್ತದೆ. 62 ಅನ್ನುವುದು ಸರಣಿ, ಕೊನೆಯ ಎರಡಂಕಿ ಒಳತೂತು. 04ರಿಂದ ಮೇಲಕ್ಕೆ ಐದರಿಂದ ಗುಣಿಸಿ: 6204 ಅಂದರೆ 20 ಎಂಎಂ, 6205 ಅಂದರೆ 25, 6206 ಅಂದರೆ 30. ಕೆಳಗಿನವು ಮಾತ್ರ ಲೆಕ್ಕಕ್ಕೆ ಬಾರವು: 6203 17 ಎಂಎಂ, 6202 15, 6201 12, 6200 10. ನಂಬರ್ ಅಳಿಸಿಹೋಗಿದ್ದರೆ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಒಳಗೆ, ಹೊರಗೆ, ದಪ್ಪ ಮೂರೂ ಬರೆದುಕೊಳ್ಳಿ. 25, 52, 15 ಬಂದರೆ 6205. 20, 47, 14 ಬಂದರೆ 6204. ಒಳತೂತು 25.4 ಬಂದರೆ ಅದು ಇಂಚು ಬೇರಿಂಗ್. ಒಳಗೆ ಒಂದಿಂಚು, ಹೊರಗೆ ಎರಡೂಕಾಲು ಇಂಚು, 5/8 ಇಂಚು ದಪ್ಪದ್ದು ಆರ್‌ಎಲ್‌ಎಸ್ 8. ಹತ್ತಿರದ ಎಂಎಂ ಬೇರಿಂಗ್ ತಂದು ತಗಡು ಸುತ್ತಿ ಕೂರಿಸುವ ಕೆಲಸ ಮಾಡಬೇಡಿ. ಇಂಚಿನದು ಬೆಂಗಳೂರಿನಿಂದ ತರಿಸಿದರೂ ಸರಿ, ಅದನ್ನೇ ಹಾಕಿ.

ಸೀಲ್ ವಿಷಯದಲ್ಲಿ ಜಿಪುಣತನ ಬೇಡ. ಹಿಂದೆ ಜೆಡ್‌ಜೆಡ್ ಅಂತಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಸೀಲ್. ಮರದ ನುಣುಪು ಪುಡಿ ತಗಡಿನ ಸಂದಿಯಿಂದ ಒಳಗಿಳಿದು ಗ್ರೀಸನ್ನು ಹಿಟ್ಟಿನ ಉಂಡೆ ಮಾಡುತ್ತದೆ. 2ಆರ್‌ಎಸ್ ತನ್ನಿ. ಹೆಸರಾಂತ ಬ್ರಾಂಡಿನ ಡಬ್ಬದಲ್ಲಿ ನಕಲಿ ಬೇರಿಂಗ್ ಬರುವುದುಂಟು, ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ಕೊಳ್ಳಿ.

ಕೂರಿಸುವಾಗ ಒಂದೇ ನಿಯಮ: ಯಾವ ರಿಂಗ್ ಬಿಗಿಯಾಗಿ ಕೂರಬೇಕೋ ಅದನ್ನೇ ಒತ್ತಬೇಕು. ಹಬ್‌ನೊಳಗೆ ಕೂರಿಸುವಾಗ ಹೊರರಿಂಗ್, ಶಾಫ್ಟ್ ಮೇಲೆ ಕೂರಿಸುವಾಗ ಒಳರಿಂಗ್. ಒಳರಿಂಗಿಗೆ ಬಡಿದು ಹಬ್‌ಗೆ ಇಳಿಸಿದರೆ ಆ ಪೆಟ್ಟು ಗುಂಡುಗಳ ಮೂಲಕವೇ ಹಾದು ದಾರಿಯಲ್ಲಿ ಗುಳಿ ಬೀಳಿಸುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಗರಗರ ಅನ್ನುತ್ತದೆ. ಹಬ್ಬನ್ನು ಬಿಸಿಲಲ್ಲಿಟ್ಟೋ ಬಿಸಿನೀರಿನ ಬಟ್ಟೆ ಸುತ್ತಿಯೋ ಬೆಚ್ಚಗೆ ಮಾಡಿ, ಬೇರಿಂಗನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಇಳಿಸಿದರೆ ಸುತ್ತಿಗೆಯ ಕೆಲಸ ಬಹಳ ಕಡಿಮೆ.

ಹೊಸ ಬೇರಿಂಗ್ ಹಬ್‌ನಲ್ಲಿ ಸಡಿಲವಾಗಿ ಓಡಾಡಿದರೆ ತಪ್ಪು ಬೇರಿಂಗಿನದಲ್ಲ, ಹಬ್ ಸವೆದಿದೆ. ಶಾಫ್ಟಿಗೋ ಹಬ್‌ಗೋ ಸೆಂಟರ್ ಪಂಚಿನಿಂದ ಸುತ್ತ ಚುಕ್ಕಿ ಹೊಡೆದು ಬಿಗಿ ಮಾಡುವುದು ನಮ್ಮಲ್ಲಿ ಹಳೇ ಚಾಳಿ. ಆ ಚುಕ್ಕಿಗಳ ತುದಿ ಒಂದೆರಡು ವಾರದಲ್ಲಿ ಚಪ್ಪಟೆಯಾಗುತ್ತದೆ, ಅಷ್ಟರಲ್ಲಿ ವೀಲ್ ನಡುತಪ್ಪಿ ಓಡಿ ಬ್ಲೇಡ್ ಕುಣಿಸಿರುತ್ತದೆ. ಕೂದಲೆಳೆಯಷ್ಟು ಸಡಿಲವಿದ್ದರೆ ಬೇರಿಂಗ್ ಕೂರಿಸುವ ಲಾಕ್‌ಟೈಟ್ ಅಂಟು ಸಾಕು. ಅದಕ್ಕೂ ಹೆಚ್ಚಾದರೆ ಲೇತಿನಲ್ಲಿ ಹಬ್ ಬೋರ್ ಮಾಡಿ ಉಕ್ಕಿನ ಬುಷ್ (ಬಳೆಯಂಥ ಕೊಳವೆ ತುಂಡು) ಒತ್ತಿಸಿ, ಅದನ್ನು ಬೇರಿಂಗ್ ಅಳತೆಗೆ ಮತ್ತೆ ಬೋರ್ ಮಾಡಿಸಿ. ಶಾಫ್ಟ್ ಸವೆದಿದ್ದರೆ ಅದರ ಮೇಲೆ ವೆಲ್ಡಿಂಗ್ ತುಂಬಿ ಕಡೆಸುವುದಕ್ಕಿಂತ ಇಎನ್8 ಅನ್ನುವ ದರ್ಜೆಯ ಉಕ್ಕಿನ ಕಂಬಿಯಲ್ಲಿ ಹೊಸದೇ ಮಾಡಿಸುವುದು ಮೇಲು. ತುಂಬಿದ ಶಾಫ್ಟ್ ಬಿಸಿಗೆ ಬಾಗುತ್ತದೆ.

ಬಿಚ್ಚಿದಾಗ ಬೇರಿಂಗೇ ಇಲ್ಲದೆ ಗನ್‌ಮೆಟಲ್ ಬುಷ್, ಮೇಲೊಂದು ಎಣ್ಣೆ ಬಟ್ಟಲು ಕಂಡರೆ ಗಾಬರಿಯಾಗಬೇಡಿ. ನಿಮ್ಮ ಜಿಲ್ಲೆಯವರಿಗೆ ಅದು ಇನ್ನೂ ಸುಲಭ. ಆಲೆಮನೆಯ ಗಾಣಗಳಿಗೆ ಗನ್‌ಮೆಟಲ್ ಬುಷ್ ಕಡೆದುಕೊಡುವ ಲೇತಿನವರು ಮಂಡ್ಯ, ಮದ್ದೂರು, ಪಾಂಡವಪುರ ಸುತ್ತ ಇದ್ದಾರೆ, ಈ ಕೆಲಸ ಅವರ ಕೈಗೆ ಕೂತಿದೆ. ಅವರಿಗೆ ಹೇಳಬೇಕಾದ್ದು ಒಂದೇ ಮಾತು: ಗಾಣ ನಿಧಾನ ತಿರುಗುತ್ತದೆ, ಇದು ನಿಮಿಷಕ್ಕೆ 700 ಸುತ್ತು. ಗಾಣಕ್ಕೆ ಬಿಡುವಷ್ಟು ಸಡಿಲ ಇಲ್ಲಿ ಬಿಡುವ ಹಾಗಿಲ್ಲ. ಒಂದಿಂಚು ಶಾಫ್ಟಿಗೆ 0.03ರಿಂದ 0.05 ಎಂಎಂ ಸಡಿಲ, ಒಳಗೆ ಎಣ್ಣೆ ಹರಿಯುವ ಕಾಲುವೆ, ಇಷ್ಟು ಕೇಳಿ.

ಈಗ ರಬ್ಬರ್. ಬ್ಲೇಡ್ ಜಾರಿ ಬೀಳುವುದಕ್ಕೆ ಮುಖ್ಯ ಕಾರಣ ಇದೇ ಇರಬೇಕು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ವೀಲಿನ ರಬ್ಬರ್ ಮಟ್ಟಸವಲ್ಲ, ನಡುವೆ ಸ್ವಲ್ಪ ಉಬ್ಬಿರುತ್ತದೆ. ಓಡುವ ಪಟ್ಟಿ ತಾನಾಗಿ ಎತ್ತರದ ಕಡೆಗೆ ಹತ್ತಿಕೊಳ್ಳುತ್ತದೆ, ಆ ಉಬ್ಬೇ ಬ್ಲೇಡನ್ನು ನಡುವೆ ಹಿಡಿಯುವುದು. ವರ್ಷಗಟ್ಟಲೆ ಓಡಿ ಉಬ್ಬು ಸವೆದು ಗುಳಿಯಾದರೆ ಎತ್ತರ ಎರಡೂ ಅಂಚಿಗೆ ಹೋಗುತ್ತದೆ, ಬ್ಲೇಡೂ ಅಂಚಿಗೆ ಹೋಗಿ ಬೀಳುತ್ತದೆ. ಮೇಲ್ವೀಲನ್ನು ಓರೆ ಮಾಡುವ ಟ್ರ್ಯಾಕಿಂಗ್ ಸ್ಕ್ರೂ ಎಷ್ಟು ತಿರುಗಿಸಿದರೂ ಇದು ಸರಿಹೋಗದು. ಕಿತ್ತ ರಬ್ಬರನ್ನು ಎಸೆಯುವ ಮುಂಚೆ ಅಗಲ, ಅಂಚಿನ ದಪ್ಪ ಅಳೆದಿಡಿ, ವೀಲಿನ ಬೀಡಿನ ಮೇಲ್ಮೈ ಮಟ್ಟಸವೋ ರಬ್ಬರ್ ಕೂರಲು ಕಾಲುವೆ ಇದೆಯೋ ಬರೆದುಕೊಳ್ಳಿ. ಎರಡೂ ವೀಲಿಗೆ ಒಟ್ಟಿಗೇ ಹೊಸದು ಹಾಕಿ, ಒಂದಕ್ಕೆ ಮಾತ್ರ ಅಲ್ಲ.

ಸೈಕಲ್ ಟ್ಯೂಬ್ ಕತ್ತರಿಸಿ ಎಳೆದು ಹಾಕಿದ ವೀಲುಗಳನ್ನು ಹಳೇ ಸಾಮಿಲ್‌ಗಳಲ್ಲಿ ನೋಡಬಹುದು. ಅದು ತೀರಾ ಮೆತ್ತಗೆ, ಬ್ಲೇಡಿನ ಒತ್ತಡಕ್ಕೆ ತೆವಳುತ್ತದೆ, ವಾಲ್ವ್ ಇದ್ದ ಜಾಗದಲ್ಲಿ ದಪ್ಪ ಬೇರೆ. ಉದ್ದದ ಪಟ್ಟಿ ಸುತ್ತಿ ತುದಿ ಕೂಡಿಸಿದರೂ ಕೂಡು ಬಂದಾಗಲೆಲ್ಲ ಟಕ್ ಅಂತ ಹೊಡೆಯುತ್ತದೆ, ಆ ಹೊಡೆತ ಬ್ಲೇಡಿನ ಬೆಸುಗೆಗೆ ಬೀಳುತ್ತದೆ. ಒಳ್ಳೆಯ ದಾರಿ ಎರಡು. ಒಂದು, ವೀಲಿನ ವ್ಯಾಸ ಮತ್ತು ಅಗಲ ಹೇಳಿ ಯುರೆಥೇನ್ ಟೈರನ್ನು ಆನ್‌ಲೈನ್‌ನಲ್ಲಿ ತರಿಸುವುದು. ಬಿಸಿನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ ಎಳೆದು ಕೂರಿಸಿದರೆ ಬಿಗಿಯುತ್ತದೆ. ಎರಡು, ಪ್ರಿಂಟಿಂಗ್ ಪ್ರೆಸ್ಸಿನ ರೋಲರ್‌ಗಳಿಗೆ ರಬ್ಬರ್ ಕಟ್ಟುವವರ ಹತ್ತಿರ ವೀಲನ್ನೇ ಒಯ್ದು ಕೊಡುವುದು. ಅವರು ಬೀಡಿನ ಮೇಲೆ ರಬ್ಬರನ್ನು ಬೇಯಿಸಿ ಹತ್ತಿಸಿ, ಲೇತಿನಲ್ಲಿ ಉಬ್ಬು ಕಡೆದೇ ಕೊಡುತ್ತಾರೆ. ಖರ್ಚು ಸ್ವಲ್ಪ ಹೆಚ್ಚು, ಆದರೆ ಗುಂಡಗೂ ಬರುತ್ತದೆ, ನಡುವೂ ತಪ್ಪುವುದಿಲ್ಲ. ಬೀಡಿನ ಭಾರೀ ವೀಲಿಗೆ ನನ್ನ ಸಲಹೆ ಇದೇ. 70ರ ಆಸುಪಾಸಿನ ಶೋರ್ ಎ ಗಡಸುತನ ಕೇಳಿ. ಬೇರಿಂಗ್ ಕೂರಿಸುವ ಮುಂಚೆಯೇ ಒಯ್ಯಿರಿ, ಬೇಯಿಸುವ ಬಿಸಿಗೆ ಸೀಲ್ ಹಾಳಾಗುತ್ತದೆ.

ಕೂಡಿಲ್ಲದ ರಬ್ಬರ್ ಬಳೆ ತಂದು ನೀವೇ ಅಂಟಿಸುವುದಾದರೆ ಬಳೆಯ ಸುತ್ತಳತೆ ವೀಲಿಗಿಂತ ಚಿಕ್ಕದಿರಬೇಕು. 18 ಇಂಚು ವೀಲಿನ ಸುತ್ತು 56.5 ಇಂಚು, ಬಳೆ 52 ಇಂಚು ಇದ್ದರೆ ಹದ. ಬೀಡನ್ನು ಉಪ್ಪು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ. ಎರಡೂ ಕಡೆ ರಬ್ಬರ್ ಅಂಟು ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಎಳೆದು ಹಾಕಿ. ಈಗ ಕೆಲವು ಕಡೆ ಹೆಚ್ಚು ಎಳೆದಿರುತ್ತದೆ, ಕೆಲವು ಕಡೆ ಕಡಿಮೆ. ರಬ್ಬರಿನ ಕೆಳಗೆ ನುಣುಪಾದ ದುಂಡು ಕಂಬಿ ತೂರಿಸಿ ವೀಲಿನ ಸುತ್ತ ಎರಡು ಮೂರು ಸಲ ಉರುಳಿಸಿಕೊಂಡು ಬನ್ನಿ. ಕಂಬಿ ಹೋದ ಕಡೆಯೆಲ್ಲ ರಬ್ಬರ್ ಎದ್ದು ತನ್ನಷ್ಟಕ್ಕೆ ಹೊಂದಿಕೊಂಡು ಮತ್ತೆ ಕೂರುತ್ತದೆ, ಎಳೆತ ಎಲ್ಲ ಕಡೆ ಒಂದೇ ಆಗುತ್ತದೆ. ಇದನ್ನು ಬಿಟ್ಟವರ ರಬ್ಬರೇ ವಾರದಲ್ಲಿ ಅಲೆ ಅಲೆಯಾಗಿ ಏಳುವುದು. ಒಂದು ದಿನ ಪೂರ್ತಿ ಆರಲು ಬಿಡಿ.

ಆಮೇಲೆ ಉಬ್ಬು. ಬ್ಲೇಡ್ ಹಾಕದೆ ಕೆಳವೀಲನ್ನು ಮೋಟಾರಿನಲ್ಲೇ ಓಡಿಸಿ, ಗಟ್ಟಿಯಾಗಿ ಕಟ್ಟಿದ ಹಲಗೆಯ ಆಸರೆ ಮೇಲೆ 80 ನಂಬರ್ ಉಪ್ಪು ಕಾಗದ ಸುತ್ತಿದ ಮರದ ತುಂಡನ್ನಿಟ್ಟು ಮೊದಲು ಇಡೀ ಅಗಲ ಮಟ್ಟಸ ಮಾಡಿ, ನಂತರ ಎರಡೂ ಅಂಚು ನಡುವಿಗಿಂತ ಅರ್ಧದಿಂದ ಮುಕ್ಕಾಲು ಎಂಎಂ ತಗ್ಗುವ ಹಾಗೆ ಉಜ್ಜಿ. ಮೇಲ್ವೀಲನ್ನು ಇನ್ನೊಬ್ಬರು ಕೈಯಲ್ಲಿ ತಿರುಗಿಸುತ್ತಿದ್ದರೂ ಸಾಕು. ಚೂಪು ಏಣು ಮಾಡಬೇಡಿ, ಬ್ಲೇಡ್ ಕೂರಲು ಜಾಗ ಉಳಿಯದು. ಕೊನೆಗೆ ತೂಕ ನೋಡಿ: ಮೇಲ್ವೀಲನ್ನು ಮೆಲ್ಲಗೆ ತಿರುಗಿಸಿ ತಾನೇ ನಿಲ್ಲಲು ಬಿಡಿ, ನಿಂತಾಗ ಕೆಳಗಿರುವ ಜಾಗಕ್ಕೆ ಚಾಕ್ ಗುರುತು ಹಾಕಿ. ಐದಾರು ಸಲ ಅದೇ ಗುರುತು ಕೆಳಗೆ ಬಂದರೆ ಆ ಕಡೆ ಭಾರ. ಅಂಚಿನ ಒಳಮೈಯಲ್ಲಿ ಹಿಂದಿನವರು ಕೊರೆದ ಅರೆತೂತುಗಳು ಕಂಡರೆ ಅವು ಇದಕ್ಕಾಗಿಯೇ ಇರುವುದು, ಅಂಥದ್ದೇ ಒಂದನ್ನು ಆಳವಿಲ್ಲದೆ ಕೊರೆಯಿರಿ.

ಗೈಡಿಗೆ ಅಂಗಡಿ ಹುಡುಕುವುದೇ ಬೇಡ. ಉಳಿದಿರುವ ಗೈಡಿನ ಅಳತೆಗೆ ಬಟ್ಟೆ ಪದರದ ಹೈಲಂ ಹಲಗೆಯಲ್ಲಿ ತುಂಡು ಕತ್ತರಿಸಿ. ಮೋಟಾರ್ ರಿವೈಂಡಿಂಗ್ ಸಾಮಾನು ಮಾರುವವರ ಹತ್ತಿರ ಹೈಲಂ ಸಿಗುತ್ತದೆ. ಚೆನ್ನಾಗಿ ಒಣಗಿದ ಬೀಟೆ ಅಥವಾ ಜಾಲಿಯ ತುಂಡು, ಮರದ ಎಳೆಗಳ ತುದಿ ಬ್ಲೇಡಿನ ಕಡೆ ಬರುವಂತೆ ಕೊಯ್ದು ಎಣ್ಣೆಯಲ್ಲಿ ನೆನೆಸಿದ್ದೂ ಚೆನ್ನಾಗಿ ಬಾಳುತ್ತದೆ. ಸವೆದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಮಾಡಿಕೊಳ್ಳಬಹುದು, ಹಲ್ಲು ತಾಗಿದರೂ ಬ್ಲೇಡ್ ಕೆಡುವುದಿಲ್ಲ. ಉಕ್ಕಿನ ಗೈಡಿಗಿಂತ ಸಣ್ಣ ಬ್ಲೇಡಿಗೆ ಇದೇ ವಾಸಿ. ಗೈಡಿನ ಮುಂದಂಚು ಹಲ್ಲಿನ ಬುಡದ ಸಂದಿಗಿಂತ ಒಂದು ಎಂಎಂ ಹಿಂದಿರಲಿ. ಗೈಡಿಗೂ ಬ್ಲೇಡಿಗೂ ನಡುವೆ ಒಂದು ಬಿಳಿ ಕಾಗದ ಜಾರುವಷ್ಟೇ ಜಾಗ. ಹಿಂದಿನ ಒತ್ತು ಬೇರಿಂಗ್ ಸುಮ್ಮನೆ ಓಡುವಾಗ ಬ್ಲೇಡಿಗೆ ತಾಗಬಾರದು, ಅರ್ಧ ಎಂಎಂ ದೂರ ಇದ್ದು ಮರ ಒತ್ತಿದಾಗ ಮಾತ್ರ ತಿರುಗಬೇಕು. ಸದಾ ತಾಗುತ್ತಿದ್ದರೆ ಬ್ಲೇಡಿನ ಬೆನ್ನು ಗಡಸಾಗಿ ಅಲ್ಲಿಂದಲೇ ಬಿರಿಯುತ್ತದೆ.

ಸ್ಪ್ರಿಂಗ್ ಮಾಡಿಸುವಾಗ ಹಳೆಯದನ್ನು ಕೊಟ್ಟು "ಇಂಥದ್ದೇ ಮಾಡಿ" ಅಂದರೆ ಕುಗ್ಗಿದ ಸ್ಪ್ರಿಂಗಿನದೇ ನಕಲು ಬರುತ್ತದೆ. ತಂತಿಯ ದಪ್ಪ, ಹೊರವ್ಯಾಸ, ಒಟ್ಟು ಸುತ್ತುಗಳನ್ನು ಹಳೆಯದರಿಂದ ತೆಗೆದುಕೊಳ್ಳಿ. ಉದ್ದವನ್ನು ಮಾತ್ರ ಯಂತ್ರದಿಂದ ತೆಗೆಯಿರಿ: ಟೆನ್ಷನ್ ಸ್ಕ್ರೂ ಪೂರ್ತಿ ಸಡಿಲಿಸಿದಾಗ ಸ್ಪ್ರಿಂಗ್ ಕೂರುವ ಜಾಗದ ಉದ್ದ ಎಷ್ಟೋ ಅಷ್ಟು. ಎರಡೂ ತುದಿ ಮಟ್ಟಸ ಉಜ್ಜಿರಬೇಕು. ಗಟ್ಟಿ ಇರಲಿ ಅಂತ ದಪ್ಪ ತಂತಿ ಕೇಳಬೇಡಿ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 5 ಎಂಎಂ ಬದಲು 5.5 ಹಾಕಿದರೆ ಬಿಗಿ 46 ಶೇಕಡ ಜಾಸ್ತಿ, ಆಗ ಸ್ಕ್ರೂ ಅರ್ಧ ಸುತ್ತು ಹೆಚ್ಚಾದರೂ ಬ್ಲೇಡ್ ತುಂಡಾಗುತ್ತದೆ. ಇದೇ ಕಾರಣಕ್ಕೆ ಬೈಕಿನ ಶಾಕಪ್ ಸ್ಪ್ರಿಂಗೂ ಬೇಡ. ಟೆನ್ಷನ್ ಸರಿ ಇದೆಯೇ ನೋಡಲು ಮೇಲಿನ ಗೈಡನ್ನು ಟೇಬಲಿನಿಂದ ಆರಿಂಚು ಎತ್ತಿ, ನಡುವೆ ಬ್ಲೇಡಿನ ಬದಿಯನ್ನು ಬೆರಳಲ್ಲಿ ಹದವಾಗಿ ಒತ್ತಿ. ಕಾಲಿಂಚಿನಷ್ಟು ಬಾಗಿದರೆ ಸಾಕು.

ಸೀಳಿದ ಬ್ರಾಕೆಟ್ ಬೀಡಿನದೇ ಆದರೂ ವೀಲಿನಷ್ಟು ಅಪಾಯದ್ದಲ್ಲ, ಇದನ್ನು ಬೆಸೆಯಬಹುದು. ಸೀಳಿನ ಎರಡೂ ತುದಿಯಲ್ಲಿ 3 ಎಂಎಂ ತೂತು ಕೊರೆಸಿ, ಇಲ್ಲವಾದರೆ ಬಿಸಿಗೆ ಸೀಳು ಮುಂದೆ ಓಡುತ್ತದೆ. ಸೀಳಿನುದ್ದಕ್ಕೂ ವಿ ಆಕಾರದ ಕಾಲುವೆ ಉಜ್ಜಿ, ಇಡೀ ತುಂಡನ್ನು ಬಿಸಿ ಮಾಡಿ ಹಿತ್ತಾಳೆ ಕಡ್ಡಿಯಲ್ಲಿ ಗ್ಯಾಸ್ ಬೆಸುಗೆ, ಅಥವಾ ನಿಕ್ಕಲ್ ರಾಡಿನಲ್ಲಿ ಒಂದೊಂದೇ ಇಂಚು ಹಾಕಿ ತಟ್ಟುತ್ತಾ ಹೋಗುವುದು. ಮುಗಿದ ಮೇಲೆ ಅಕ್ಕಿ ಗಿರಣಿಯ ಹೊಟ್ಟಿನ ಒಣ ಬೂದಿಯಲ್ಲಿ ಹೂತಿಟ್ಟು ಮರುದಿನ ತೆಗೆಯಿರಿ. ಬೇಗ ಆರಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಟೇಬಲ್ ಓರೆ ಮಾಡಿ ಕೊಯ್ಯುವ ಕೆಲಸ ನಿಮಗಿಲ್ಲದಿದ್ದರೆ 10 ಎಂಎಂ ಎಂಎಸ್ (ಮಾಮೂಲಿ ಮೆದು ಉಕ್ಕಿನ) ಪ್ಲೇಟಿನಲ್ಲಿ ನೆಟ್ಟಗಿನ ಬ್ರಾಕೆಟ್ ಮಾಡಿಸುವುದು ಇನ್ನೂ ಸರಳ. ಹೊಸ ಎರಕವೇ ಬೇಕಾದರೆ ಒಡೆದದ್ದನ್ನು ಅಂಟಿಸಿ ಅಚ್ಚಾಗಿ ಕೊಡಬೇಡಿ. ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಹಾಗಾಗಿ ಮರದ ಅಚ್ಚನ್ನು ಅಷ್ಟು ದೊಡ್ಡದಾಗಿ, ಕಡೆಸುವ ಮುಖಗಳಿಗೆ 3 ಎಂಎಂ ಹೆಚ್ಚು ಬಿಟ್ಟು ಮಾಡಬೇಕು. ಮರಗೆಲಸ ಗೊತ್ತಿರುವ ನಿಮಗೆ ಅಚ್ಚು ಮಾಡುವುದು ಕಷ್ಟವಲ್ಲ. ಫೌಂಡ್ರಿಗಳು ಶಿವಮೊಗ್ಗ, ಬೆಳಗಾವಿಯಲ್ಲಿ ಬಹಳ ಇವೆ, ಆದರೆ ಒಂದೇ ತುಂಡಿಗೆ ಅಷ್ಟು ದೂರ ಹೋಗುವ ಮುಂಚೆ ಮೈಸೂರಿನಲ್ಲಿ ವಿಚಾರಿಸಿ.

ಮೋಟಾರ್ ಒಳ್ಳೆಯದಿದೆ ಅಂದಿದ್ದೀರಿ, ಪುಲ್ಲಿ ಮಾತ್ರ ಲೆಕ್ಕ ಹಾಕಿ ನೋಡಿ. ಹಿಂದಿನವರು ಕೈಗೆ ಸಿಕ್ಕ ಪುಲ್ಲಿ ಹಾಕಿರುವುದು ಸಾಮಾನ್ಯ. 1440 ಆರ್‌ಪಿಎಂ ಮೋಟಾರಿಗೆ 4 ಇಂಚು, ಕೆಳಶಾಫ್ಟಿಗೆ 8 ಇಂಚು ಇದ್ದರೆ ವೀಲ್ 720 ಸುತ್ತು, ಬ್ಲೇಡ್ ನಿಮಿಷಕ್ಕೆ ಸುಮಾರು 1,030 ಮೀಟರ್ ಓಡುತ್ತದೆ. ಬೀಡಿನ 18 ಇಂಚು ವೀಲಿಗೆ ಅದಕ್ಕಿಂತ ಹೆಚ್ಚು ಬೇಡ. ಬೆಲ್ಟಿನ ಮೇಲಗಲ 13 ಎಂಎಂ ಇದ್ದರೆ ಎ, 17 ಇದ್ದರೆ ಬಿ. ಬಿ-52 ಅಂದರೆ ಒಳಸುತ್ತಳತೆ 52 ಇಂಚು. ಪುಲ್ಲಿಯ ಕಾಲುವೆಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಕೂತು ಜಾರುತ್ತಿದೆ ಎಂದರ್ಥ, ಪುಲ್ಲಿಯನ್ನೇ ಬದಲಿಸಿ.

ಬ್ಲೇಡಿನ ಉದ್ದ: ವೀಲಿನ ವ್ಯಾಸ ಗುಣಿಸು 3.14, ಅದಕ್ಕೆ ಎರಡು ವೀಲಿನ ನಡುವಿನ ಅಂತರದ ಎರಡರಷ್ಟು ಕೂಡಿಸಿ. ನಡುವಿನಿಂದ ನಡುವಿಗೆ 36 ಇಂಚಿದ್ದರೆ 56.5 ಕೂಡಿಸು 72, ಅಂದರೆ 128.5 ಇಂಚು. ಅಳೆಯುವಾಗ ಮೇಲ್ವೀಲು ತನ್ನ ಓಡಾಟದ ಕೆಳಗಿನ ಮೂರನೇ ಒಂದು ಭಾಗದಲ್ಲಿರಲಿ, ಮೇಲೆ ಬಿಗಿಯಲು ಜಾಗ ಉಳಿಯುತ್ತದೆ. ದಪ್ಪಕ್ಕೆ ಹಳೇ ಲೆಕ್ಕ ವೀಲಿನ ವ್ಯಾಸದ ಸಾವಿರದಲ್ಲೊಂದು ಭಾಗ. 18 ಇಂಚಿಗೆ 0.45 ಎಂಎಂ, 0.5ರ ತನಕ ನಡೆಯುತ್ತದೆ. ಸಾಮಿಲ್ಲಿನ ದೊಡ್ಡ ಯಂತ್ರದ 0.9 ಎಂಎಂ ಬ್ಲೇಡ್ ಅಗ್ಗಕ್ಕೆ ಸಿಕ್ಕಿತು ಅಂತ ಸೀಳಿ ಹಾಕಿದರೆ, ಸಣ್ಣ ವೀಲಿನ ಮೇಲೆ ಬಾಗಿ ಬಾಗಿ ಹಲ್ಲಿನ ಬುಡದಲ್ಲಿ ಬಿರಿಯುತ್ತದೆ.

ಎಲ್ಲಿ ಹೋಗಬೇಕು ಅಂತ ಕೇಳಿದ್ದೀರಿ. ಬೇರಿಂಗ್, ಬೆಲ್ಟ್, ಬುಷ್ ಕೆಲಸ ಮಂಡ್ಯದಲ್ಲೇ ಮುಗಿಯುತ್ತದೆ. ಮಿಲ್ಲಿಂಗ್, ಹಲ್ಲು ಕೊರೆಯುವ ಕೆಲಸ, ಶಾಫ್ಟ್ ಗ್ರೈಂಡಿಂಗ್ ಬೇಕಾದರೆ ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ವರ್ಕ್‌ಶಾಪ್‌ಗಳಿಗೆ ಹೋಗಿ. ಇಂಚು ಬೇರಿಂಗ್, ವಿಟ್‌ವರ್ತ್ ಟ್ಯಾಪ್, ರಬ್ಬರ್ ಕಟ್ಟಿಸುವುದು, ಇಷ್ಟಕ್ಕೆ ಮಾತ್ರ ಬೆಂಗಳೂರು: ಎಸ್‌ಜೆಪಿ ರಸ್ತೆ ಮತ್ತು ಪೀಣ್ಯ. ಫೋಟೋ ತೋರಿಸಿ ಕೇಳಬೇಡಿ, ಹಳೇ ತುಂಡನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಜೊತೆಗೆ ಅದು ಕೂರುವ ಎದುರು ಭಾಗವನ್ನೂ ಒಯ್ಯಿರಿ: ಬೇರಿಂಗಿನ ಜೊತೆ ಶಾಫ್ಟ್, ಗೈಡಿನ ಜೊತೆ ಅದರ ಹಿಡಿಕೆ. ಸವೆದ ತುಂಡಿನಿಂದ ಮಾತ್ರ ಅಳತೆ ತೆಗೆದರೆ ಹೊಸದೂ ಸವೆದ ಅಳತೆಗೇ ಬರುತ್ತದೆ.

ಹಣ ಒಟ್ಟಿಗೆ ಇಲ್ಲದಿದ್ದರೆ ವೀಲ್ ಪರೀಕ್ಷೆ ಆದ ಮೇಲೆ ರಬ್ಬರ್, ಬೇರಿಂಗ್, ಸ್ಪ್ರಿಂಗ್, ಬ್ಲೇಡ್, ಗೈಡ್, ಬ್ರಾಕೆಟ್, ಈ ಸಾಲಿನಲ್ಲಿ ಹೋಗಿ. ಬಾಗಿಲು, ಬ್ಲೇಡಿನ ಮುಚ್ಚಳ ಕಳೆದುಹೋಗಿದ್ದರೆ ತಗಡಿನ ಕೆಲಸದವರ ಹತ್ತಿರ ಮೊದಲೇ ಮಾಡಿಸಿಡಿ, ಅದಿಲ್ಲದೆ ಒಂದು ಸಲವೂ ಬ್ಲೇಡ್ ಓಡಿಸಬೇಡಿ. ಕೆಳವೀಲಿಗೆ ತಾಗುವಂತೆ ತೆಂಗಿನ ನಾರಿನ ಬ್ರಷ್ಷೊಂದನ್ನು ಕಟ್ಟಿದರೆ ರಬ್ಬರಿಗೆ ಹೊಟ್ಟು ಹತ್ತುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಪ್ಲಗ್ ಕಿತ್ತು, ಬ್ಲೇಡ್ ಹಾಕಿ, ಗೈಡ್‌ಗಳನ್ನು ದೂರ ಸರಿಸಿ, ಮೇಲ್ವೀಲನ್ನು ಕೈಯಲ್ಲಿ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಬ್ಲೇಡ್ ನಡುವೆ ನಿಂತರೆ ಬಾಗಿಲು ಮುಚ್ಚಿ, ಪಕ್ಕಕ್ಕೆ ನಿಂತು ಸ್ವಿಚ್ ಹಾಕಿ ಕೂಡಲೇ ತೆಗೆಯಿರಿ. ಎರಡು ಮೂರು ಸಲ ಹೀಗೆ ಮಾಡಿ ಸರಿ ಇದ್ದರೆ ಕಾಲು ಗಂಟೆ ಸುಮ್ಮನೆ ಓಡಿಸಿ. ನಿಲ್ಲಿಸಿ, ಪ್ಲಗ್ ಕಿತ್ತು, ಹಬ್‌ಗಳ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಬೇರಿಂಗುಗಳ ನಡುವೆ ಒತ್ತು ಬಿದ್ದಿದೆ. ಹೆಚ್ಚಾಗಿ ಎರಡು ಬೇರಿಂಗ್ ನಡುವಿನ ಬುಷ್ ಉದ್ದ ಕಡಿಮೆಯಾಗಿ ನಟ್ ಬಿಗಿದಾಗ ಒಳರಿಂಗ್‌ಗಳು ಒಂದಕ್ಕೊಂದು ಎಳೆದುಕೊಂಡಿರುತ್ತವೆ. ಆ ಬುಷ್ಷನ್ನು ಬಿಚ್ಚಿ, ಹಬ್‌ನಲ್ಲಿ ಹೊರರಿಂಗ್‌ಗಳು ಕೂರುವ ಮೆಟ್ಟಿಲುಗಳ ಅಂತರ ಅಳೆದು, ಅಷ್ಟೇ ಉದ್ದಕ್ಕೆ ಇನ್ನೊಂದು ಕಡೆಸಿ ಹಾಕಿ.